ಅಮೃತಬಳ್ಳಿ ಕಷಾಯ ದಿನಾ ಕುಡಿಯಬಹುದಾ?

ಓದುಗರ ಪ್ರಶ್ನೆ: "ನಮ್ಮ ಕಾಂಪೌಂಡಿನ ಬೇವಿನ ಮರಕ್ಕೆ ಅಮೃತಬಳ್ಳಿ ಚೆನ್ನಾಗಿ ಹಬ್ಬಿದೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಅದರ ಕಷಾಯ ಕುಡಿದರೆ ಕಾಯಿಲೆ ಹತ್ತಿರ ಸುಳಿಯಲ್ಲ ಅಂತಾರೆ. ನಮ್ಮ ಯಜಮಾನರಿಗೆ ಶುಗರ್ ಇದೆ, ಮಾತ್ರೆ ತಗೊಳ್ತಾರೆ. ಇಬ್ಬರೂ ಕುಡಿಯಬಹುದಾ? ಗಿಡಮೂಲಿಕೆ ತಾನೇ, ಏನೂ ಆಗಲ್ಲ ಅಲ್ವಾ?"

ದಿನಾ ಬೇಡ. ಆಯುರ್ವೇದ ವೈದ್ಯರು ನಿಮ್ಮನ್ನು ನೋಡಿ ಕುಡಿಯಿರಿ ಅಂದಿದ್ದರೆ, ಅವರು ಹೇಳಿದಷ್ಟು ದಿನ ಕುಡಿದು ನಿಲ್ಲಿಸಿ. ನಿಮ್ಮ ಯಜಮಾನರು ಮಾತ್ರೆ ಕೊಟ್ಟ ಡಾಕ್ಟರನ್ನು ಕೇಳದೆ ಒಂದು ಲೋಟವನ್ನೂ ಕುಡಿಯುವುದು ಬೇಡ. ಅಮೃತಬಳ್ಳಿಗೆ ರಕ್ತದ ಸಕ್ಕರೆ ಇಳಿಸುವ ಗುಣ ಇದೆ. ಅದೇ ಕೆಲಸ ಮಾಡುವ ಮಾತ್ರೆಯೂ ಹೊಟ್ಟೆಯಲ್ಲಿದ್ದರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗೆ ಹೋಗಿ ಬೆವರು, ನಡುಕ, ತಲೆಸುತ್ತು ಬರಬಹುದು.

ನಿಮ್ಮ ಕೊನೆಯ ಮಾತಿಗೆ ಮಾತ್ರ ಸ್ವಲ್ಪ ಉದ್ದ ಉತ್ತರ ಬೇಕು. ಏನೂ ಆಗಲ್ಲ ಎನ್ನುವ ಗಿಡದಿಂದ ಗುಣ ಹೇಗೆ ಆದೀತು? ಗುಣ ಮಾಡುವ ಶಕ್ತಿ ಇದೆ ಅಂದಮೇಲೆ ಅದಕ್ಕೆ ಅಳತೆಯೂ ಇರಬೇಕು, ನಿಲ್ಲಿಸುವ ದಿನವೂ ಇರಬೇಕು. ನಮ್ಮ ಹಿರಿಯರು ಇವೆರಡನ್ನೂ ಇಟ್ಟುಕೊಂಡಿದ್ದರು. ನಾವು ಗಿಡವನ್ನು ಉಳಿಸಿಕೊಂಡು, ನಿಲ್ಲಿಸುವ ದಿನವನ್ನು ಬಿಟ್ಟುಬಿಟ್ಟಿದ್ದೇವೆ.

ಅಮೃತಬಳ್ಳಿಯನ್ನೇ ನೋಡಿ. ಹಳ್ಳಿ ಮನೆಗಳಲ್ಲಿ ಅದು ಮುಖ್ಯವಾಗಿ ಜ್ವರದ ಮದ್ದು. ಬಿಟ್ಟು ಬಿಟ್ಟು ಬರುವ ಜ್ವರ, ಜ್ವರ ಹೋದಮೇಲೂ ಬಿಡದ ಸುಸ್ತು, ಬಾಯಿರುಚಿ ಕೆಟ್ಟಿರುವುದು, ಇಂಥದ್ದಕ್ಕೆ ಕೊಡುತ್ತಿದ್ದರು. ನಮ್ಮ ದೊಡ್ಡಮ್ಮ ಮಾಡುತ್ತಿದ್ದ ರೀತಿ ನನಗೆ ಚೆನ್ನಾಗಿ ನೆನಪಿದೆ. ಎಲೆ ಮುಟ್ಟುತ್ತಿರಲಿಲ್ಲ, ಬಲಿತ ಬಳ್ಳಿಯನ್ನೇ ತರುತ್ತಿದ್ದರು. ಕಿರುಬೆರಳ ದಪ್ಪದ್ದು, ಒಂದು ತುಂಡು. ಮೇಲಿನ ಕಂದು ಸಿಪ್ಪೆ ಕಾಗದದ ಹಾಗೆ ತೆಳ್ಳಗೆ. ಉಗುರಿನಿಂದ ಕೆರೆದರೆ ಸುಲಿದು ಬರುತ್ತದೆ, ಒಳಗೆ ಹಸಿಹಸಿ ಹಸಿರು. ಅದನ್ನು ಕಲ್ಲಿನಲ್ಲಿ ಜಜ್ಜಿ, ನಾರು ನಾರಾಗಿ ಬಿಡಿಸಿ, ನಾಲ್ಕು ಲೋಟ ನೀರಿಗೆ ಹಾಕುತ್ತಿದ್ದರು. ಜೊತೆಗೆ ನಾಲ್ಕು ಕಾಳುಮೆಣಸು, ಚಿಟಿಕೆ ಜೀರಿಗೆ. ಸಣ್ಣ ಉರಿಯಲ್ಲಿ ಕುದ್ದು ಒಂದು ಲೋಟಕ್ಕೆ ಇಳಿಯಬೇಕು. ಕುಡಿದಮೇಲೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿದರೂ ಗಂಟಲಲ್ಲಿ ಕಹಿ ಬಹಳ ಹೊತ್ತು ಕೂತಿರುತ್ತಿತ್ತು. ಮೂರು ದಿನ, ಜಾಸ್ತಿ ಅಂದರೆ ಐದು ದಿನ. ಆಮೇಲೆ ಕೇಳಿದರೂ ಕೊಡುತ್ತಿರಲಿಲ್ಲ. "ಮದ್ದು ಅದು, ಚಾ ಅಲ್ಲ" ಅನ್ನುತ್ತಿದ್ದರು.

ಇದು ದಿನನಿತ್ಯದ ಪಾನೀಯ ಆಗಿದ್ದು ಕೊರೊನಾ ಕಾಲದಲ್ಲಿ. ಆಗ ಎಲ್ಲರಿಗೂ ಹೆದರಿಕೆ ಇತ್ತು, ಕೈಯಲ್ಲಿ ಔಷಧಿ ಇರಲಿಲ್ಲ. ಇಮ್ಯುನಿಟಿ ಎನ್ನುವ ಮಾತು ಮನೆಮನೆಗೆ ಬಂತು. ಅಕ್ಟೋಬರ್ 2020ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆಯುರ್ವೇದ ಮತ್ತು ಯೋಗದ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಗುಡೂಚಿ ಘನವಟಿ, ಅಂದರೆ ಇದೇ ಬಳ್ಳಿಯ ಮಾತ್ರೆ, ಸೇರಿತ್ತು. ಅಲ್ಲಿಯೂ 15 ದಿನ, ಒಂದು ತಿಂಗಳು ಅಥವಾ ವೈದ್ಯರು ಹೇಳಿದಷ್ಟು ಎಂದು ಗಡಿ ಹಾಕಿದ್ದರು. ಜನರಿಗೆ ತಲುಪಿದ್ದು ಬಳ್ಳಿಯ ಹೆಸರು ಮಾತ್ರ. ವಾಟ್ಸಾಪ್‌ನಲ್ಲಿ ಓಡಾಡಿದ ಸಂದೇಶಗಳಲ್ಲಿ ಗಡಿ ಉಳಿಯಲಿಲ್ಲ.

2021ರಲ್ಲಿ ಮುಂಬೈನ ಲಿವರ್ ತಜ್ಞರು 6 ರೋಗಿಗಳ ವಿವರ ಪ್ರಕಟಿಸಿದರು. ಎಲ್ಲರಿಗೂ ಕಾಮಾಲೆಯಂಥ ಲಕ್ಷಣ, ಎಲ್ಲರೂ ಅಮೃತಬಳ್ಳಿ ತಗೊಳ್ಳುತ್ತಿದ್ದವರು. ಮರುವರ್ಷ ದೇಶದ 13 ಆಸ್ಪತ್ರೆಗಳ ವೈದ್ಯರು ಸೇರಿ ಇಂಥ 43 ಮಂದಿಯ ಲೆಕ್ಕ ಕೊಟ್ಟರು. ಶುರು ಮಾಡಿ ಸುಮಾರು ಒಂದೂವರೆ ತಿಂಗಳಿಗೆ ತೊಂದರೆ ಕಾಣಿಸಿಕೊಂಡವರು ಅವರಲ್ಲಿ ಹಲವರು. ಕೆಲವರಿಗೆ ಮೊದಲೇ ಥೈರಾಯ್ಡ್, ಶುಗರ್ ಇತ್ತು. ಇನ್ನು ಕೆಲವರ ಲಿವರಿನಲ್ಲಿ ತಮಗೇ ಗೊತ್ತಿಲ್ಲದ ಹಳೆಯ ತೊಂದರೆ ಇತ್ತು. ಬಳ್ಳಿ ಬಿಟ್ಟಮೇಲೆ ಹೆಚ್ಚಿನವರು ಚೇತರಿಸಿಕೊಂಡರು.

ಇದು ಆಗುವುದು ಹೇಗೆ ಅಂತ ಸ್ವಲ್ಪ ತಿಳಿದುಕೊಳ್ಳೋಣ. ಅಮೃತಬಳ್ಳಿ ನಮ್ಮ ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತದೆ. ಹೊರಗಿನ ರೋಗಾಣುವಿನ ಮೇಲೆ ಕೆರಳಿದರೆ ಒಳ್ಳೆಯದೇ. ಆದರೆ ಕೆಲವರಲ್ಲಿ ಅದು ದಾರಿ ತಪ್ಪಿ ಸ್ವಂತ ಲಿವರಿನ ಮೇಲೆಯೇ ತಿರುಗುತ್ತದೆ. ಆ ರೋಗಿಗಳ ಲಿವರಿನ ಚೂರು ತೆಗೆದು ನೋಡಿದಾಗ ಅನೇಕರಲ್ಲಿ ಕಂಡದ್ದು ಇದೇ ರೀತಿಯ ಹಾನಿ. ಇಮ್ಯುನಿಟಿ ಜಾಸ್ತಿ ಆದಷ್ಟೂ ಒಳ್ಳೆಯದು ಎನ್ನುವ ನಂಬಿಕೆ ಇಲ್ಲೇ ಮುಗ್ಗರಿಸುವುದು. ನಮಗೆ ಬೇಕಿರುವುದು ಹದವಾದ ರಕ್ಷಣೆ.

ಆಯುಷ್ ಸಚಿವಾಲಯ ಈ ವರದಿಗಳನ್ನು ಒಪ್ಪಲಿಲ್ಲ. ರೋಗಿಗಳು ಕುಡಿದದ್ದು ನಿಜವಾದ ಅಮೃತಬಳ್ಳಿಯೇ ಎಂದು ಗಟ್ಟಿ ಮಾಡಿಕೊಂಡಿಲ್ಲ, ಅದನ್ನೇ ಹೋಲುವ ಬೇರೆ ಬಳ್ಳಿ ಇರಬಹುದು ಎಂದು ಉತ್ತರ ಕೊಟ್ಟಿತು. ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಕಡೆಯ ಮಾತನ್ನು ನಾವು ಗಂಭೀರವಾಗಿ ತಗೊಳ್ಳಬೇಕು. ಬಹಳಷ್ಟು ಜನ ಈ ಬಳ್ಳಿ ಕುಡಿದು ಏನೂ ತೊಂದರೆ ಇಲ್ಲದೆ ಇದ್ದಾರೆ, ಅದು ನಿಜ. ತೊಂದರೆ ಯಾರಿಗೆ ಆಗುತ್ತದೆ ಅಂತ ಮೊದಲೇ ಹೇಳಲು ಮನೆಯಲ್ಲಿ ಯಾವ ಉಪಾಯವೂ ಇಲ್ಲ, ಅದೂ ನಿಜ.

ಹಾಗಾಗಿ ನಿಮ್ಮ ಮರದ ಮೇಲಿನ ಬಳ್ಳಿ ಯಾವುದು ಅಂತ ಮೊದಲು ನೋಡಿಕೊಳ್ಳಿ. ಅಸಲಿ ಅಮೃತಬಳ್ಳಿಯ ಎಲೆ ಹೃದಯದ ಆಕಾರ, ಎರಡೂ ಬದಿ ನುಣುಪು. ಎಲೆಯ ಹಿಂಬದಿ ಮುಟ್ಟಿದಾಗ ಮೆತ್ತನೆ ರೋಮ ಸಿಕ್ಕರೆ ಅದು ಇದರ ಅಣ್ಣತಮ್ಮನಂಥ ಇನ್ನೊಂದು ಬಳ್ಳಿ. ಅಸಲಿ ಬಳ್ಳಿಯ ಕಾಂಡದ ಮೇಲೆ ಸಣ್ಣ ಚುಕ್ಕೆಗಳು ಇರುತ್ತವೆ. ಮೈತುಂಬ ನರೂಲಿಯಂಥ ದೊಡ್ಡ ಗಂಟುಗಳಿದ್ದರೆ ಅದನ್ನು ಮುಟ್ಟಬೇಡಿ. ಅದು ಟಿನೋಸ್ಪೊರಾ ಕ್ರಿಸ್ಪಾ ಇರಬಹುದು, ಸಚಿವಾಲಯ ಎಚ್ಚರಿಸಿದ್ದು ಅದರ ಬಗ್ಗೆಯೇ. ಅಸಲಿ ಬಳ್ಳಿಯ ಕಾಂಡವನ್ನು ಅಡ್ಡಕ್ಕೆ ಕತ್ತರಿಸಿದರೆ ಗಾಡಿ ಚಕ್ರದ ಕಡ್ಡಿಗಳ ಹಾಗೆ ಗೆರೆಗಳು ಕಾಣುತ್ತವೆ. ಮೇಲಿನಿಂದ ದಾರದಂಥ ಬೇರುಗಳು ನೇತಾಡುತ್ತವೆ. ಬುಡ ಕತ್ತರಿಸಿದರೂ ಬಳ್ಳಿ ಸಾಯದೆ ಮೇಲಿನಿಂದ ಹೊಸ ಬೇರು ಇಳಿಸಿ ನೆಲ ಹುಡುಕುತ್ತದೆ. ನಿಜಕ್ಕೂ ಜಗ್ಗದ ಗಿಡ. ಇಷ್ಟು ನೋಡಿಯೂ ಅನುಮಾನ ಇದ್ದರೆ, ಗಿಡ ಬಲ್ಲ ನಾಟಿ ವೈದ್ಯರಿಗೋ ಆಯುರ್ವೇದ ಕಾಲೇಜಿನಲ್ಲಿ ಗಿಡಮೂಲಿಕೆಗಳ ಪಾಠ ಹೇಳುವ ದ್ರವ್ಯಗುಣ ವಿಭಾಗದವರಿಗೋ ಒಂದು ತುಂಡು ತೋರಿಸಿ.

ಈಗ ಹಿರಿಯರ ಅಳತೆಯ ವಿಷಯಕ್ಕೆ ಬರುತ್ತೇನೆ. ನನಗೆ ಬಹಳ ಇಷ್ಟದ ವಿಷಯ ಇದು. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಸೂರ್ಯ ಹುಟ್ಟುವ ಮೊದಲೇ ಹೋಗಿ, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುತ್ತಾರೆ. ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದು ರಸ ಹಿಂಡಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಮುಳುಗಿಸುತ್ತಾರೆ. ಖಾಲಿ ಹೊಟ್ಟೆಗೆ ಸ್ವಲ್ಪವೇ ಕುಡಿಯುವುದು. ಕಷಾಯ ಉಷ್ಣ ಅಂತ ಆಮೇಲೆ ಮೆಂತ್ಯದ ಗಂಜಿ ಉಣ್ಣುತ್ತಾರೆ. ವರ್ಷಕ್ಕೆ ಒಂದೇ ದಿನ. ಅದು ಗಿಡದ ಬಗೆಗಿನ ಭಕ್ತಿಯೂ ಹೌದು, ಭಯವೂ ಹೌದು. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಜೀವಕ್ಕೇ ಅಪಾಯ. ಅದರಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷ ಇದೆ. ಅದಕ್ಕೇ ಹಿಂದಿನ ದಿನವೇ ಮರ ಗುರುತು ಮಾಡಿಟ್ಟು ಬರುವವರು ಇದ್ದಾರೆ. ನೀವೂ ಮರ ಗೊತ್ತಿದ್ದವರು ತಂದದ್ದನ್ನು ಮಾತ್ರ ಕುಡಿಯಿರಿ.

ಕೊಡಗಿನಲ್ಲಿ ಇದೇ ಮಳೆಗಾಲದಲ್ಲಿ ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನ ಬರುತ್ತದೆ, ಆಗಸ್ಟ್ 3ಕ್ಕೆ. ಅಂದು ಮದ್ದುಸೊಪ್ಪಿನಲ್ಲಿ 18 ಬಗೆಯ ಔಷಧಿ ಗುಣ ಸೇರಿರುತ್ತದೆ ಎಂಬ ನಂಬಿಕೆ. ಸೊಪ್ಪು ಕುದಿಸಿದರೆ ನೀರು ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ನೀರಿನಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನ ಹಾಲು ಹಾಕಿ ಪಾಯಸ ಮಾಡುತ್ತಾರೆ. ಮೊದಲ ಸಲ ತಿಂದವರು ಮೂತ್ರ ಕೆಂಪಗೆ ಹೋಗುವುದನ್ನು ನೋಡಿ ಗಾಬರಿಯಾಗುತ್ತಾರೆ. ಅದು ಸೊಪ್ಪಿನ ಬಣ್ಣ. ಇದನ್ನೂ ವರ್ಷವಿಡೀ ತಿನ್ನುವ ರೂಢಿ ಇಲ್ಲ.

ಹಾಗಾದರೆ ದಿನಾ ಏನೂ ಬಳಸುತ್ತಿರಲಿಲ್ಲವಾ ಅಂದರೆ, ಬಳಸುತ್ತಿದ್ದರು. ಆದರೆ ಊಟದ ಎಲೆಯ ಮೇಲೆ, ಬದಲಾಯಿಸಿ ಬದಲಾಯಿಸಿ. ಮಲೆನಾಡು, ಕರಾವಳಿ ಮನೆಗಳ ತಂಬುಳಿ ನೋಡಿ. ಒಂದು ಹಿಡಿ ಒಂದೆಲಗ, ತೆಂಗಿನತುರಿ, ಜೀರಿಗೆ, ಎರಡು ಕಾಳುಮೆಣಸು ಸೇರಿಸಿ ಅರೆದು ಮಜ್ಜಿಗೆಗೆ ಬೆರೆಸಿದರೆ ಇಡೀ ಮನೆಗೆ ಆಯಿತು. ಒಬ್ಬರ ಪಾಲಿಗೆ ಬರುವುದು ಎಂಟು ಹತ್ತು ಎಲೆ. ನಾಳೆ ದೊಡ್ಡಪತ್ರೆ, ತುಪ್ಪದಲ್ಲಿ ಬಾಡಿಸಿ. ನಾಡಿದ್ದು ಕೇಪಳದ ಹೂವು. ಹೊಟ್ಟೆ ಕೆಟ್ಟಿದ್ದರೆ ದಾಳಿಂಬೆ ಸಿಪ್ಪೆ. ಯಾವ ಗಿಡವೂ ದೇಹದಲ್ಲಿ ಜಾಸ್ತಿ ಆಗುವಷ್ಟು ಸಲ ಬರುವುದೇ ಇಲ್ಲ. ಜೊತೆಗೆ ಅನ್ನ, ಮಜ್ಜಿಗೆ, ತೆಂಗು ಇರುತ್ತದೆ. ಇದಕ್ಕಿಂತ ಒಳ್ಳೆಯ ಪದ್ಧತಿ ನನಗೆ ಕಾಣುವುದಿಲ್ಲ.

ನಿಮಗೆ ಬೆಳಿಗ್ಗೆ ಬಿಸಿಬಿಸಿ ಏನಾದರೂ ಕುಡಿಯಲೇಬೇಕು ಅಂತಿದ್ದರೆ ಕೊತ್ತಂಬರಿ ಜೀರಿಗೆ ಕಷಾಯ ಮಾಡಿಕೊಳ್ಳಿ. ಹವ್ಯಕರ ಮನೆಗಳಲ್ಲಿ ಕಾಫಿ ಬೇಡ ಅಂದ ನೆಂಟರಿಗೆ ಕೊಡುವುದು ಇದನ್ನೇ. ಕೊತ್ತಂಬರಿ ಜಾಸ್ತಿ, ಜೀರಿಗೆ ಅದರ ಅರ್ಧ, ಮೆಂತ್ಯ ಮತ್ತು ಮೆಣಸು ತುಸುವೇ. ಹುರಿದು ಪುಡಿ ಮಾಡಿಟ್ಟುಕೊಂಡು, ನೀರಿಗೆ ಹಾಕಿ ಕುದಿಸಿ, ಹಾಲು ಬೆರೆಸಬೇಕು. ಬೆಲ್ಲ ನಿಮ್ಮ ಲೋಟಕ್ಕೆ ಸಾಕು, ಯಜಮಾನರ ಲೋಟಕ್ಕೆ ಬೇಡ. ಅಡುಗೆಮನೆಯ ಡಬ್ಬಿಯಲ್ಲಿರುವ ಈ ಸಾಮಾನುಗಳನ್ನು ನಾವು ದಿನಾ ಸಾರಿನಲ್ಲೂ ತಿನ್ನುತ್ತೇವೆ. ಬೇಸಿಗೆಯಲ್ಲಿ ಲಾವಂಚದ ಬೇರು ಹಾಕಿಟ್ಟ ನೀರು ಕುಡಿಯಬಹುದು.

ದಿನಾ ಬೇಡ ಅನ್ನುವ ಪಟ್ಟಿಗೆ ಇನ್ನೆರಡು ಸೇರಿಸುತ್ತೇನೆ, ಯಾಕೆಂದರೆ ಇವುಗಳ ಬಗ್ಗೆಯೂ ಜನ ಕೇಳುತ್ತಿರುತ್ತಾರೆ. ಒಂದು ಜ್ಯೇಷ್ಠಮಧು. ಗಂಟಲು ಕೆರೆತಕ್ಕೆ ಒಂದು ಚೂರು ಬಾಯಲ್ಲಿಟ್ಟುಕೊಳ್ಳುವುದು ಹಿತವೇ. ವಾರಗಟ್ಟಲೆ ತಗೊಂಡರೆ ಬಿಪಿ ಏರುತ್ತದೆ, ರಕ್ತದ ಪೊಟ್ಯಾಷಿಯಂ ಇಳಿಯುತ್ತದೆ. ಬಿಪಿ ಇದ್ದವರು ಅದರ ತಂಟೆಗೇ ಹೋಗಬೇಡಿ. ಇನ್ನೊಂದು ಆಡುಸೋಗೆ. ಕೆಮ್ಮಿಗೆ ಅದರ ಶಕ್ತಿ ಎಷ್ಟಿದೆ ಅಂದರೆ, ಅದರಲ್ಲಿರುವ ವ್ಯಾಸಿಸಿನ್ ಎಂಬ ಅಂಶದ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧಿ ತಯಾರಾಯಿತು. ಮೆಡಿಕಲ್ ಶಾಪಿನ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಅದು ಇದೆ. ಅದೇ ವ್ಯಾಸಿಸಿನ್ ಗರ್ಭಕೋಶವನ್ನೂ ಸಂಕುಚಿಸುತ್ತದೆ. ಬಸುರಿಯರಿಗೆ ಆಡುಸೋಗೆ ಕೂಡದು.

ಅಮೃತಬಳ್ಳಿಯನ್ನು ಸುಮ್ನೆ ಕುಡಿಯಲೇಬಾರದವರು ಇದ್ದಾರೆ. ಲಿವರ್ ತೊಂದರೆ ಇದ್ದವರು, ಸಂಧಿವಾತ ಅಥವಾ ಲೂಪಸ್‌ನಂಥ, ರಕ್ಷಣಾ ವ್ಯವಸ್ಥೆ ಸ್ವಂತ ದೇಹದ ಮೇಲೆಯೇ ತಿರುಗುವ ಕಾಯಿಲೆಗೆ ಮಾತ್ರೆ ತಗೊಳ್ಳುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು. ಈ ಕಾಯಿಲೆಗಳ ಮತ್ತು ಕಸಿಯವರ ಮಾತ್ರೆಗಳು ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸಲು ನೋಡುತ್ತಿರುತ್ತವೆ, ಬಳ್ಳಿ ಅದನ್ನೇ ಎಬ್ಬಿಸುತ್ತದೆ. ಬಸುರಿಯರು, ಮೊಲೆಯೂಡಿಸುವ ತಾಯಂದಿರು, ಆಪರೇಷನ್ ದಿನ ಗೊತ್ತಾದವರೂ ಬಿಟ್ಟುಬಿಡಿ. ಜ್ವರ ಬಂದಾಗ ಕಷಾಯ ಕುಡಿಯುತ್ತಾ ಡಾಕ್ಟರ ಬಳಿ ಹೋಗುವುದನ್ನು ಮುಂದೂಡಬೇಡಿ. ಡೆಂಗಿ ಇದ್ದರೆ ಪ್ರತಿ ದಿನವೂ ಮುಖ್ಯ.

ನೀವು ಈಗಾಗಲೇ ಕೆಲವು ವಾರಗಳಿಂದ ಕುಡಿಯುತ್ತಿದ್ದರೆ ಇವತ್ತೇ ನಿಲ್ಲಿಸಿ. ಹೀಗೆ ನಿಲ್ಲಿಸುವುದರಿಂದ ತೊಂದರೆ ಏನೂ ಇಲ್ಲ. ಹಸಿವು ಸತ್ತಿದೆ, ವಾಕರಿಕೆ ಬರುತ್ತದೆ, ಮೈ ಕೆರೆಯುತ್ತದೆ, ಮೂತ್ರ ಗಾಢ ಹಳದಿ ಆಗಿದೆ, ಕಣ್ಣಿನ ಬಿಳಿ ಭಾಗ ಹಳದಿಗೆ ತಿರುಗಿದೆ ಅನ್ನಿಸಿದರೆ ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಿ. ಅದು ಒಂದು ರಕ್ತಪರೀಕ್ಷೆ ಅಷ್ಟೇ. ಏನೂ ಅನ್ನಿಸದಿದ್ದರೂ, ಯಜಮಾನರು ಜೊತೆಗೆ ಕುಡಿದಿದ್ದರೆ ಅವರ ಸಕ್ಕರೆ ಒಮ್ಮೆ ನೋಡಿಸಿ. ಡಾಕ್ಟರು "ಬೇರೆ ಏನಾದರೂ ತಗೊಳ್ತೀರಾ" ಅಂತ ಕೇಳಿದಾಗ ಕಷಾಯದ ವಿಷಯ ಹೇಳಲು ಸಂಕೋಚ ಪಡಬೇಡಿ. ಅವರು ಕೇಳದಿದ್ದರೂ ನೀವೇ ಹೇಳಿ.

ಅಂಗಡಿಯ ಪುಡಿ, ಜ್ಯೂಸ್, ಮಾತ್ರೆಗೂ ಇದೇ ಮಾತು. ವೈದ್ಯರು ಬರೆದುಕೊಟ್ಟು ಕೊಳ್ಳುವುದಾದರೆ ಡಬ್ಬಿಯ ಮೇಲೆ ಟಿನೋಸ್ಪೊರಾ ಕಾರ್ಡಿಫೋಲಿಯಾ ಎಂಬ ಅಮೃತಬಳ್ಳಿಯ ವೈಜ್ಞಾನಿಕ ಹೆಸರು, ತಯಾರಿಕೆಯ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಮುಗಿಯುವ ದಿನಾಂಕ ನಾಲ್ಕೂ ಇವೆಯಾ ನೋಡಿ. ಎಷ್ಟು ದಿನ ತಗೊಳ್ಳಬೇಕು ಅಂತ ವೈದ್ಯರಿಂದಲೇ ಕೇಳಿ, ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ.