ಗೋಪುರ ಬಿದ್ದ ಮೇಲಿನ ಅರ್ಧ ನಿಮಿಷ

ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿದ ಗೋಪುರ. ಕೆಳಗಿನಿಂದ ಒಂದೊಂದೇ ತುಂಡು ಎಳೆದು ಮೇಲಿಡಬೇಕು. ಆರು ವರ್ಷದ ಮಗು ಉಸಿರು ಬಿಗಿಹಿಡಿದು ಒಂದನ್ನು ಎಳೆಯುತ್ತದೆ. ದಡಬಡ ಅಂತ ಎಲ್ಲ ನೆಲಕ್ಕೆ. ಈಗ ನಾವು ನೋಡುವುದೇನು? ಮಗು ಅತ್ತಿತೋ ಇಲ್ಲವೋ ಅಂತ. ಅಳದಿದ್ದರೆ ಗಟ್ಟಿ ಮಗು, ಅತ್ತರೆ ಅಳುಬುರುಕ. ಈ ಲೆಕ್ಕಾಚಾರ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಪ್ಲೇ ಥೆರಪಿ, ಅಂದರೆ ಆಟದ ಮೂಲಕವೇ ಮಕ್ಕಳ ಮನಸ್ಸಿಗೆ ಚಿಕಿತ್ಸೆ. ಅದನ್ನು ಮಾಡುವವರು ಹುಡುಕುವುದು ಬಿದ್ದ ಮೇಲೆ ಮತ್ತೆ ಏಳುವ ಗುಣವನ್ನು, ಅದಕ್ಕೇ ಅವರ ಕಣ್ಣಿರುವುದು ಬಿದ್ದ ಮೇಲಿನ ಅರ್ಧ ನಿಮಿಷದ ಮೇಲೆ. ಮಗು ಮುಖ ಎತ್ತ ತಿರುಗಿಸಿತು? ಎದುರು ಕೂತ ದೊಡ್ಡವರ ಕಡೆಗೋ, ಬಾಗಿಲ ಕಡೆಗೋ? ‘ಇನ್ನೊಂದ್ಸಲ’ ಅಂದಿತೋ, ‘ನೀನೇ ಬೀಳಿಸಿದ್ದು’ ಅಂದಿತೋ, ‘ನಂಗೆ ಈ ಆಟ ಇಷ್ಟಾನೇ ಇಲ್ಲ’ ಅಂದಿತೋ? ಜೋರಾಗಿ ಅತ್ತು, ಮೂಗು ಒರೆಸಿಕೊಂಡು, ಎರಡು ನಿಮಿಷಕ್ಕೆ ಮತ್ತೆ ಪೇರಿಸಲು ಕೂರುವ ಮಗುವಿನ ಬಗ್ಗೆ ಅವರಿಗೆ ಅಷ್ಟು ಚಿಂತೆಯಿಲ್ಲ. ಕಲ್ಲಿನ ಹಾಗೆ ಕೂತು, ಆಮೇಲೆ ಆ ತುಂಡುಗಳ ಹತ್ತಿರವೂ ಸುಳಿಯದ ಮಗುವನ್ನು ಅವರು ಜಾಸ್ತಿ ಗಮನಿಸುತ್ತಾರೆ.

ಗಾಳಿ ತುಂಬಿದ ಚೆಂಡನ್ನು ನೆನೆಸಿಕೊಳ್ಳಿ. ನೆಲಕ್ಕೆ ಬಡಿದಾಗ ಅದು ಒಂದು ಗಳಿಗೆ ಚಪ್ಪಟೆಯಾಗುತ್ತದೆ. ಹಾಗೆ ಚಪ್ಪಟೆಯಾಗುವುದರಿಂದಲೇ ಪುಟಿಯುತ್ತದೆ. ಹಸಿ ಮಣ್ಣಿನ ಉಂಡೆಯೂ ಚಪ್ಪಟೆಯಾಗುತ್ತದೆ, ಆದರೆ ಹಾಗೇ ಉಳಿದುಬಿಡುತ್ತದೆ. ಗಾಜಿನ ಲೋಟ ಬಗ್ಗುವುದೇ ಇಲ್ಲ, ಅದರ ಗತಿ ನಿಮಗೆ ಗೊತ್ತು. ಆದರೆ ಈ ಹೋಲಿಕೆಯಲ್ಲಿ ಒಂದು ಕೊರತೆಯಿದೆ: ಚೆಂಡು ತಾನೇ ಪುಟಿಯುತ್ತದೆ, ಮಗುವಿಗೆ ಇನ್ನೊಬ್ಬರು ಬೇಕು. ಸೈಕಲ್ ಕಲಿಯುವಾಗ ಸೀಟು ಹಿಡಿದು ಹಿಂದೆ ಓಡುವವರ ಹಾಗೆ ಅನ್ನೋಣವೇ? ಅದೂ ಸಾಲದು, ಸೀಟು ಹಿಡಿದವರು ಒಂದು ದಿನ ಕೈ ಬಿಟ್ಟರೆ ಮುಗಿಯಿತು. ಗಾಳಿಪಟ ಇನ್ನೂ ಹತ್ತಿರ. ಗಾಳಿ ಜೋರಾದರೆ ದಾರ ಸಡಿಲ ಬಿಡಬೇಕು, ಪಟ ಕುಸಿದರೆ ಎಳೆಯಬೇಕು, ಸರಿಯಾಗಿ ನೋಡಿದರೆ ಪಟ, ದಾರ, ಕೈ ಮೂರೂ ಸೇರಿಯೇ ಹಾರಾಟ. ಆಟದ ಕೋಣೆಯಲ್ಲಿ ನಿಜವಾಗಿ ಪರೀಕ್ಷೆಗೆ ಬೀಳುವುದು ಈ ದಾರ, ಅಂದರೆ ಮಗುವಿಗೂ ದೊಡ್ಡವರಿಗೂ ನಡುವಿನ ನಂಟು.

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಈ ದಾರವನ್ನೇ ಜಗ್ಗಿ ನೋಡಿದರು. ಕೆಲವೇ ತಿಂಗಳ ಕೂಸಿನ ಜೊತೆ ನಗುತ್ತಾ ಆಡುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖದ ಭಾವವನ್ನೆಲ್ಲ ಅಳಿಸಿ ಸುಮ್ಮನೆ ನೋಡುತ್ತಾ ಕೂರುತ್ತಾಳೆ. ಕೂಸು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ, ಕೊನೆಗೆ ಮುಖ ತಿರುಗಿಸುತ್ತದೆ. ಎಲ್ಲರಿಗೂ ನೆನಪಿರುವುದು ಇಷ್ಟೇ. ನನಗೆ ಇಷ್ಟವಾದದ್ದು ಮುಂದಿನ ಭಾಗ: ತಾಯಿ ಮತ್ತೆ ನಕ್ಕಾಗ ಕೂಸು ಎಷ್ಟು ಬೇಗ ಆಟಕ್ಕೆ ಮರಳುತ್ತದೆ, ಎಷ್ಟು ಹೊತ್ತು ಮುನಿಸಿಕೊಂಡೇ ಇರುತ್ತದೆ?

ಆಟಿಕೆಗಳಲ್ಲಿ ಮಗುವಿನ ಮನಸ್ಸು ಓದುತ್ತೇವೆ ಅಂದರೆ ಕೆಲವರಿಗೆ ಕೈರೇಖೆ ಶಾಸ್ತ್ರ ನೆನಪಾಗುತ್ತದೆ. ಕಪ್ಪು ಬಣ್ಣ ಬಳಿದರೆ ದುಃಖ, ಹಾವಿನ ಗೊಂಬೆ ಎತ್ತಿಕೊಂಡರೆ ಭಯ! ಇದು ಶುದ್ಧ ಮೂಢನಂಬಿಕೆ. ಮಗು ಹಾವನ್ನು ಎತ್ತಿಕೊಂಡಿದ್ದು ಅದು ಕೈಗೆ ಹತ್ತಿರ ಇತ್ತು ಅಂತಲೂ ಇರಬಹುದು, ಅಲ್ವಾ?

ಈ ಗೊಂದಲ ಹಳೆಯದು. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ ತನ್ನ ಇಬ್ಬರು ಗಂಡುಮಕ್ಕಳ ಜೊತೆ ನೆಲದ ಮೇಲೆ ಪುಟ್ಟ ಆಟಿಕೆಗಳಿಂದ ದ್ವೀಪ, ಊರು ಕಟ್ಟಿ ಆಡುತ್ತಿದ್ದರು. 1911ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದರು. ಅದನ್ನು ಓದಿದ್ದ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ 1928ರಲ್ಲಿ ಲಂಡನ್ನಿನಲ್ಲಿ ಮಕ್ಕಳ ಚಿಕಿತ್ಸಾಲಯ ತೆರೆದಾಗ ಪುಟ್ಟ ಆಟಿಕೆಗಳನ್ನು ಪೆಟ್ಟಿಗೆಯಲ್ಲಿ ತುಂಬಿಟ್ಟರು. ಆಮೇಲೆ ತಗಡಿನ ತಟ್ಟೆಯಲ್ಲಿ ಮರಳೂ ಬಂತು. ಮಕ್ಕಳೇ ಅದಕ್ಕೆ ‘ಪ್ರಪಂಚ’ ಅಂತ ಹೆಸರಿಟ್ಟರು. ಆ ಕಾಲದಲ್ಲಿ ಮೆಲನಿ ಕ್ಲೈನ್ ಅವರಂಥ ಮನೋವಿಶ್ಲೇಷಕರು ಆಟಕ್ಕೆಲ್ಲ ಗುಪ್ತಾರ್ಥ ಹಚ್ಚುತ್ತಿದ್ದರು. ಲೋವೆನ್‌ಫೆಲ್ಡ್ ಅದನ್ನು ಒಪ್ಪಲಿಲ್ಲ. ಮಗು ಏನು ಕಟ್ಟುತ್ತಿದೆ ಅಂತ ಮೊದಲು ಸುಮ್ನೆ ನೋಡಿ ಅನ್ನುವುದು ಅವರ ಹಟ.

ಸುಮ್ಮನೆ ನೋಡಿದರೂ ಒಂದು ವಿಷಯ ಮಾತ್ರ ಎದ್ದು ಕಾಣುತ್ತದೆ. ಮಕ್ಕಳು ಒಂದೇ ಆಟವನ್ನು ಹತ್ತು ಸಲ ಆಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಕಾರು ಗುದ್ದುವ ಆಟದಲ್ಲಿ ಮೂರನೇ ಸಲಕ್ಕೆ ಆಂಬುಲೆನ್ಸ್ ಬರುತ್ತದೆ, ಐದನೇ ಸಲಕ್ಕೆ ಡಾಕ್ಟರ್ ಬೈಸಿಕೊಳ್ಳುತ್ತಾನೆ. ಕಥೆ ಮುಂದೆ ಹೋಗುತ್ತಿದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾದಲ್ಲಿ 26 ಮಕ್ಕಳಿದ್ದ ಶಾಲಾ ಬಸ್ಸನ್ನೇ ಅಪಹರಿಸಿದ್ದರು. ಆ ಮಕ್ಕಳನ್ನು ಕಂಡ ಮನೋವೈದ್ಯೆ ಲೆನೋರ್ ಟೆರ್ ಬೇರೆಯದೇ ಆಟವನ್ನು ವಿವರಿಸಿದರು: ಅದೇ ಘಟನೆ, ಅದೇ ಕ್ರಮ, ಖುಷಿಯಿಲ್ಲ, ಬಿಡುಗಡೆಯಿಲ್ಲ. ಗೀರು ಬಿದ್ದ ರೆಕಾರ್ಡಿನ ಹಾಗೆ ಆಟ ಒಂದೇ ಕಡೆ ಸಿಕ್ಕಿಕೊಂಡಿರುತ್ತದೆ.

ಹಾಗಂತ ಒಂದು ದಿನದ ಆಟ ನೋಡಿ ಅಂಕ ಹಾಕಲಾಗದು. ಮಗುವಿಗೆ ನಿದ್ದೆಗೆಟ್ಟಿರಬಹುದು, ಹಸಿವಾಗಿರಬಹುದು, ಕೋಣೆ ಹೊಸದಿರಬಹುದು. ಹಲವು ವಾರ ನೋಡಬೇಕು, ಮನೆಯವರನ್ನೂ ಶಿಕ್ಷಕರನ್ನೂ ಕೇಳಬೇಕು.

ಥೆರಪಿಸ್ಟ್ ಕೆಲವೊಮ್ಮೆ ತಾನೇ ಗೋಪುರ ಬೀಳಿಸಿ ‘ಅಯ್ಯೋ, ನನ್ನಿಂದ ಬಿದ್ದೋಯ್ತು’ ಅನ್ನುವುದೂ ಉಂಟು. ಈಗ ಸಮಾಧಾನ ಹೇಳುವ ಸರದಿ ಮಗುವಿನದು. ಒಂದು ಮಗು ‘ಪರ್ವಾಗಿಲ್ಲ ಬಿಡಿ, ಮತ್ತೆ ಕಟ್ಟೋಣ’ ಅನ್ನುತ್ತದೆ. ಇನ್ನೊಂದು ಮಗು ಥೇಟ್ ದೊಡ್ಡವರ ದನಿಯಲ್ಲಿ ಹೇಳುತ್ತದೆ: ‘ಎಷ್ಟು ಸಲ ಹೇಳ್ಬೇಕು ನಿಂಗೆ?’