ಮ್ಯಾಪ್‌ಗೆ ಬಿದ್ದ ವೋಟು ಯಾರದು, ಯಾವಾಗಿನದು?

ವಿಡಿಯೊ ಗೇಮ್‌ಗಳಿಗೆ ಆಟಗಾರರೇ ತಯಾರಿಸಿದ ಮ್ಯಾಪ್‌ಗಳನ್ನು, ಅಂದರೆ ಆಟ ನಡೆಯುವ ಅಂಗಳಗಳನ್ನು, ಪರಿಶೀಲಿಸುವುದು ನನ್ನ ಕೆಲಸ. ತಿಂಗಳುಗಟ್ಟಲೆ ಕುಳಿತು ಮಾಡಿದ ಮ್ಯಾಪ್‌ಗೆ ಮೊದಲ ಸಂಜೆಯೇ ನಾಲ್ಕು ಡಿಸ್‌ಲೈಕ್ ಬಿದ್ದು, ಆಮೇಲೆ ಯಾರೂ ಅದರತ್ತ ತಿರುಗಿ ನೋಡಲಿಲ್ಲ ಎಂಬ ದೂರನ್ನು ಹೊಸಬರಿಂದ ಮತ್ತೆ ಮತ್ತೆ ಕೇಳಿದ್ದೇನೆ. ಇದರಲ್ಲಿ ಯಾರದೋ ಹೊಟ್ಟೆಕಿಚ್ಚನ್ನು ಹುಡುಕುವ ಮೊದಲು ಲೆಕ್ಕವನ್ನು ನೋಡುವುದು ಒಳ್ಳೆಯದು.

ಲೈಕ್‌ಗಳ ಶೇಕಡಾವಾರು ನೋಡಿ ಪಟ್ಟಿ ಮಾಡಿದರೆ, ಐದಕ್ಕೆ ಐದೂ ಲೈಕ್ ಪಡೆದ ಮ್ಯಾಪ್ ಶೇ 100 ಗಳಿಸಿ, 200ರಲ್ಲಿ 170 ಲೈಕ್ ಪಡೆದು ಶೇ 85ರಲ್ಲಿರುವ ಮ್ಯಾಪ್‌ಗಿಂತ ಮೇಲೆ ಕೂರುತ್ತದೆ. ಆ ಐದು ವೋಟು ತಯಾರಕರ ಗೆಳೆಯರವೇ ಆಗಿರಬಹುದು. ವೋಟು ಕಡಿಮೆಯಿದ್ದಷ್ಟೂ ಅಂದಾಜನ್ನು ತಗ್ಗಿಸುವ, ಗಣಿತಜ್ಞ ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟ ಸೂತ್ರದಂತೆ ಶೇ 95ರ ವಿಶ್ವಾಸ ಮಟ್ಟದಲ್ಲಿ ಕೆಳಮಿತಿಯನ್ನು (ನಿಜವಾದ ಮೆಚ್ಚುಗೆ ಬಹುಶಃ ಇದಕ್ಕಿಂತ ಕೆಳಗಿರದು ಎನ್ನಬಹುದಾದ ಅಂಕಿಯನ್ನು) ತೆಗೆದರೆ ಮೊದಲನೆಯದು ಸುಮಾರು ಶೇ 57ಕ್ಕೆ ಇಳಿಯುತ್ತದೆ, ಎರಡನೆಯದು ಶೇ 79ರಲ್ಲಿ ನಿಲ್ಲುತ್ತದೆ. ಆದರೆ ಈ ಎಚ್ಚರಿಕೆಯ ಲೆಕ್ಕವೂ ಹೊಸ ಮ್ಯಾಪನ್ನು ಪಟ್ಟಿಯ ತಳದಲ್ಲೇ ಇಡುತ್ತದೆ. ಆಟಗಾರರು ತಾವು ಮಾಡಿದ್ದನ್ನು ಹಂಚಿಕೊಳ್ಳುವ ತಾಣವಾದ ಸ್ಟೀಮ್ ವರ್ಕ್‌ಶಾಪ್, ಸಾಕಷ್ಟು ವೋಟು ಬರುವ ತನಕ ರೇಟಿಂಗ್‌ನ ನಕ್ಷತ್ರಗಳನ್ನೇ ತೋರಿಸದಿರುವುದು ನನಗೆ ಸರಿಯೆನಿಸುತ್ತದೆ.

ಪಟ್ಟಿಯ ತಳ ಎಂದರೇನೆಂಬುದನ್ನು 2010ರಲ್ಲಿ ಬಂದ ಸ್ಟಾರ್‌ಕ್ರಾಫ್ಟ್ 2 ಎಂಬ ಗೇಮ್ ಚೆನ್ನಾಗಿ ತೋರಿಸಿತು. ಅದೇ ಕಂಪನಿಯ ಹಿಂದಿನ ಗೇಮ್ ವಾರ್‌ಕ್ರಾಫ್ಟ್ 3ರಲ್ಲಿ ಯಾರಾದರೂ ಆಟ ತೆರೆದರೆ ಅದರ ಹೆಸರು ಉಳಿದವುಗಳ ಜೊತೆಗೇ ಒಂದು ಸಾಲಾಗಿ ಕಾಣುತ್ತಿತ್ತು. ಆಟಗಾರರೇ ಮಾಡಿ ಬಹಳ ಹೆಸರಾದ ಡೋಟಾದಂಥ ಮ್ಯಾಪ್ ಬೆಳೆದದ್ದು ಅಂಥ ಪಟ್ಟಿಯಲ್ಲಿ. ಸ್ಟಾರ್‌ಕ್ರಾಫ್ಟ್ 2ರಲ್ಲಾದರೋ ಜನಪ್ರಿಯತೆಯೇ ಕ್ರಮವಾಗಿದ್ದರಿಂದ, ಆಡಿದ್ದನ್ನೇ ಆಡುವುದು, ಅದರಿಂದಾಗಿ ಅದೇ ಮೇಲೆ ಉಳಿಯುವುದು ನಡೆಯಿತು. ಜೊತೆಗಾರರು ಸೇರಲೆಂದು ಖಾಲಿ ಲಾಬಿಯಲ್ಲಿ ಕಾಯುವ ತಾಳ್ಮೆ ಯಾರಿಗೂ ಇರುವುದಿಲ್ಲ. 2012ರಲ್ಲಿ ಆ ಗೇಮ್‌ಗೆ ಆಟಗಾರರ ಮ್ಯಾಪ್‌ಗಳಿಗೆಂದೇ ಆರ್ಕೇಡ್ ಎಂಬ ವಿಭಾಗ ಬಂದಾಗ, ತೆರೆದಿರುವ ಆಟಗಳ ಪಟ್ಟಿಯನ್ನೂ ವಿಮರ್ಶೆಗೆ ಅವಕಾಶವನ್ನೂ ಸೇರಿಸಬೇಕಾಯಿತು.

ಇಷ್ಟಾದರೂ ವೋಟು ಹಾಕಿದವರು ಎಷ್ಟು ಆಡಿದ್ದಾರೆ ಎಂಬ ಪ್ರಶ್ನೆ ಉಳಿಯುತ್ತದೆ. ಹಿಂದೊಮ್ಮೆ ನನ್ನ ಬಳಿ ಬಂದ ಒಂದು ಮ್ಯಾಪ್‌ಗೆ ‘ತೀರಾ ಕಷ್ಟ’ ಎಂದು ಬರೆದು ಡಿಸ್‌ಲೈಕ್ ಒತ್ತಿದವರಲ್ಲಿ ಹೆಚ್ಚಿನವರು ಎರಡನೆಯ ಕೋಣೆಯನ್ನೇ ದಾಟಿರಲಿಲ್ಲ. ಆಟದ ದಾಖಲೆ ತೆರೆದು ನೋಡಿದರೆ ಎಲ್ಲರೂ ಸತ್ತದ್ದು ಒಂದೇ ಮೆಟ್ಟಿಲ ಬುಡದಲ್ಲಿ: ದೀಪ ಹಿಂದಿನ ಗೋಡೆಯ ಮೇಲಿದ್ದುದರಿಂದ ಕಂಬದ ನೆರಳು ನೆಟ್ಟಗೆ ಅಲ್ಲಿದ್ದ ಗುಂಡಿಯ ಮೇಲೆ ಬೀಳುತ್ತಿತ್ತು. ಆಟಗಾರರು ಹೇಳಿದ ಕಾರಣ ತಪ್ಪಾಗಿತ್ತು, ಅವರ ಸಿಟ್ಟು ತಪ್ಪಾಗಿರಲಿಲ್ಲ. ಹಾಗಾಗಿ ಅರ್ಧಕ್ಕೇ ಬಿಟ್ಟವರ ವೋಟನ್ನು ತಳ್ಳಿಹಾಕಬೇಕೆಂಬ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಮುಗಿಸಿದವರ ವೋಟು ಬೇರೆ, ಬಿಟ್ಟುಹೋದವರ ವೋಟು ಬೇರೆ ಎಂದು ಎರಡು ಸಾಲಿನಲ್ಲಿ ತೋರಿಸಿದರೆ ಸಾಕು.

ತಯಾರಕರು ದೀಪವನ್ನು ಎದುರು ಗೋಡೆಗೆ ಸರಿಸಿದ ಮೇಲೆ ಆ ದೂರು ನಿಂತಿತು, ಡಿಸ್‌ಲೈಕ್‌ಗಳು ಮಾತ್ರ ಹಾಗೆಯೇ ಉಳಿದವು. ಹೊಸ ಆವೃತ್ತಿ ಬಂದಾಗಲೆಲ್ಲ ವೋಟುಗಳನ್ನು ಅಳಿಸಿಬಿಡೋಣವೆಂದರೆ, ಒಂದು ಮರವನ್ನು ಅತ್ತಿತ್ತ ಸರಿಸಿ ಕೆಟ್ಟ ಹೆಸರನ್ನು ತೊಳೆದುಕೊಳ್ಳುವವರೂ ಇದ್ದಾರೆ. ಈ ಆವೃತ್ತಿಗೆ ಬಿದ್ದ ವೋಟು ಇಷ್ಟು, ಹಿಂದಿನದಕ್ಕೆ ಬಿದ್ದದ್ದು ಇಷ್ಟು ಎಂದು ಪಕ್ಕಪಕ್ಕದಲ್ಲಿ ಬರೆಯುವ ವ್ಯವಸ್ಥೆ ಇದ್ದಿದ್ದರೆ, ಆ ತಯಾರಕರು ಅದೇ ಮ್ಯಾಪನ್ನು ಬೇರೆ ಹೆಸರಿನಲ್ಲಿ ಮತ್ತೆ ಏರಿಸುವ ಗೋಜಿಗೆ ಹೋಗುತ್ತಿರಲಿಲ್ಲ.