ಹಗಲೆಲ್ಲ ಡಯಟ್, ರಾತ್ರಿ 11ಕ್ಕೆ ಬಿಸ್ಕತ್ತು ಡಬ್ಬಿ: ತಪ್ಪಿದ್ದು ಎಲ್ಲಿ?

ಪ್ರಶ್ನೆ: ತೂಕ ಇಳಿಸಲು ಎರಡು ತಿಂಗಳಿಂದ ಡಯಟ್ ಮಾಡುತ್ತಿದ್ದೇನೆ. ಹಗಲು ಏನೂ ತೊಂದರೆ ಇಲ್ಲ. ಬೆಳಿಗ್ಗೆ ಬರೀ ಕಾಫಿ, ಮಧ್ಯಾಹ್ನ ಒಂದು ಬಟ್ಟಲು ಸಲಾಡ್, ರಾತ್ರಿ 7:30ಕ್ಕೆ ಸ್ವಲ್ಪ ಊಟ. ಆದರೆ 11 ಗಂಟೆ ಆಗುತ್ತಿದ್ದ ಹಾಗೆ ಹಸಿವು ತಡೆಯಲು ಆಗುವುದಿಲ್ಲ. ಬಿಸ್ಕತ್ತು ಡಬ್ಬಿ ಖಾಲಿ ಆಗುವವರೆಗೆ ಕೈ ನಿಲ್ಲುವುದಿಲ್ಲ. ನೀರು ಕುಡಿದು ಮಲಗು ಅಂತಾರೆ, ನಿದ್ದೆಯೇ ಬರಲ್ಲ. ನನ್ನ ಮನಸ್ಸು ಗಟ್ಟಿ ಇಲ್ವಾ? ಏನು ಮಾಡಲಿ?

ಉತ್ತರ: ಮನಸ್ಸು ಗಟ್ಟಿ ಇಲ್ಲದವರಿಗೆ ಕಾಫಿ ಮತ್ತು ಸೊಪ್ಪಿನ ಮೇಲೆ ಸಂಜೆವರೆಗೆ ದಿನ ದೂಡಲು ಆಗುವುದಿಲ್ಲ. ಆ ಚಿಂತೆ ಬಿಡಿ. ನನ್ನ ಕಣ್ಣು ನಿಂತದ್ದು ನಿಮ್ಮ ಇನ್ನೊಂದು ಮಾತಿನ ಮೇಲೆ: "ಹಗಲು ಏನೂ ತೊಂದರೆ ಇಲ್ಲ." ತೊಂದರೆ ಇರುವುದೇ ಅಲ್ಲಿ.

ನೀವು ಬರೆದದ್ದನ್ನು ಸುಮ್ನೆ ಕೂಡಿಸಿ ನೋಡೋಣ. ಹಾಲು ಹಾಕಿದ ಕಾಫಿ, ಒಂದು ಬಟ್ಟಲು ಸಲಾಡ್, ಸ್ವಲ್ಪ ಊಟ. ಎಲ್ಲ ಸೇರಿ ಅಬ್ಬಬ್ಬಾ ಅಂದರೆ 600–700 ಕ್ಯಾಲರಿ. ವಯಸ್ಕ ಹೆಂಗಸರಿಗೆ ದಿನಕ್ಕೆ 1,600ರಿಂದ 2,400 ಕ್ಯಾಲರಿ ಬೇಕು. ಗಂಡಸರಿಗೆ ಇನ್ನೂ ಜಾಸ್ತಿ. ತೂಕ ಇಳಿಸುವವರು ಅದರಲ್ಲಿ ಸುಮಾರು 500 ಕಡಿಮೆ ಮಾಡುವುದು ರೂಢಿ. ನೀವು ಅದರ ಎರಡರಷ್ಟು ಕಡಿಮೆ ಮಾಡಿ, ರಾತ್ರಿ ದೇಹ ಸುಮ್ಮನಿರಲಿ ಎಂದು ಕಾಯುತ್ತಿದ್ದೀರಿ. ಅದು ಸುಮ್ಮನಿರುವುದಿಲ್ಲ. 150 ಗ್ರಾಂ ಬಿಸ್ಕತ್ತು ತಿಂದರೆ 700 ಕ್ಯಾಲರಿ ಆಯಿತು. ಅಂದರೆ ದಿನದ ಅರ್ಧ ಆಹಾರ ಮಲಗುವ ಹೊತ್ತಿಗೆ ಒಳಗೆ ಹೋಯಿತು, ಅದೂ ಬರೀ ಮೈದಾ, ಸಕ್ಕರೆ, ಎಣ್ಣೆಯ ರೂಪದಲ್ಲಿ. ದಿನದ ಒಟ್ಟು ಲೆಕ್ಕ ಅಷ್ಟೇನೂ ಕೆಟ್ಟಿಲ್ಲ ನೋಡಿ. ಅದನ್ನು ಹಂಚಿದ ರೀತಿ ತಿರುವುಮುರುವಾಗಿದೆ.

ಇದರ ಮೇಲೆ ದೇಹದ ಗಡಿಯಾರವೂ ನಿಮ್ಮ ವಿರುದ್ಧವೇ ಇದೆ. 2013ರಲ್ಲಿ ಅಮೆರಿಕದ ಸಂಶೋಧಕರು 12 ಆರೋಗ್ಯವಂತರನ್ನು ಪ್ರಯೋಗಾಲಯದಲ್ಲಿ ಇರಿಸಿ ನೋಡಿದ್ದರು. ಮಂದ ಬೆಳಕು, ಹೊರಗೆ ಹಗಲೋ ರಾತ್ರಿಯೋ ಗೊತ್ತಾಗದ ವ್ಯವಸ್ಥೆ. ಊಟ, ನಿದ್ದೆಯ ಹೊತ್ತನ್ನು ಬೇಕೆಂದೇ ದಿನದಿಂದ ದಿನಕ್ಕೆ ಜರುಗಿಸುತ್ತಾ ಹೋದರು. ಹಾಗೆ ಮಾಡಿದರೂ ಅವರ ಒಳಗಿನ ಗಡಿಯಾರದ ಪ್ರಕಾರ ಹಸಿವು ಬೆಳಿಗ್ಗೆ 8ರ ಸುಮಾರಿಗೆ ತೀರಾ ಕಡಿಮೆ, ರಾತ್ರಿ 8ರ ಸುಮಾರಿಗೆ ಅತಿ ಹೆಚ್ಚು ಇತ್ತು. ಸಿಹಿ, ಉಪ್ಪು, ಹಿಟ್ಟಿನ ಪದಾರ್ಥಗಳ ಆಸೆಯೂ ಅದೇ ಜಾಡಿನಲ್ಲಿ ಏರುತ್ತಿತ್ತು. ಬೆಳಿಗ್ಗೆ ಡಯಟ್ ಸಲೀಸು ಅನ್ನಿಸುವುದಕ್ಕೆ ಇದೇ ಕಾರಣ. ಆ ಹೊತ್ತಿನಲ್ಲಿ ತಿನ್ನದೆ ಇರುವುದು ಯಾರಿಗೂ ಅಷ್ಟು ಕಷ್ಟವಲ್ಲ. ನಾನೂ ಒಂದು ಕಾಲದಲ್ಲಿ ಬೆಳಿಗ್ಗೆ ತಿಂಡಿ ಬಿಟ್ಟು ಮಧ್ಯಾಹ್ನದವರೆಗೆ ಬೀಗಿದ್ದೇನೆ. ರಾತ್ರಿಯ ಕಥೆ ಕೇಳಬೇಡಿ.

ತೂಕ ಇಳಿಯುತ್ತಾ ಹೋದ ಹಾಗೆ ಹಸಿವು ಹೆಚ್ಚುವುದೂ ನಿಜ. ಹೊಟ್ಟೆ ಖಾಲಿಯಾದಾಗ ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಏರುತ್ತದೆ. ಕೊಬ್ಬಿನ ದಾಸ್ತಾನು ಸಾಕಷ್ಟಿದೆ ಎಂದು ಮಿದುಳಿಗೆ ತಿಳಿಸುವುದು ಲೆಪ್ಟಿನ್. ಕೊಬ್ಬು ಕರಗಿದಂತೆ ಲೆಪ್ಟಿನ್ ಇಳಿಯುತ್ತದೆ, ಗ್ರೆಲಿನ್ ಏರುತ್ತದೆ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ, ತೂಕ ಇಳಿಸಿ ಒಂದು ವರ್ಷ ಕಳೆದ ಮೇಲೂ ಈ ಏರುಪೇರು ಸರಿಹೋಗಿರಲಿಲ್ಲ. ಇಳಿದ ಒಂದೊಂದು ಕಿಲೋಗೂ ದಿನಕ್ಕೆ ಸುಮಾರು 100 ಕ್ಯಾಲರಿಯಷ್ಟು ಹಸಿವು ಹೆಚ್ಚುತ್ತದೆ ಎನ್ನುವುದು 2016ರ ಇನ್ನೊಂದು ಅಂದಾಜು. ನೀವು ನಾಲ್ಕು ಕಿಲೋ ಇಳಿದಿದ್ದರೆ ಲೆಕ್ಕ ಹಾಕಿಕೊಳ್ಳಿ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಮೊದಲ ತಿಂಗಳು ಇಲ್ಲದ ಹಸಿವು ಎರಡನೇ ತಿಂಗಳು ಬಂದರೆ, ನೀವು ಏನೋ ಕೆಡಿಸಿಕೊಂಡಿರಿ ಎಂದಲ್ಲ.

ಹಾಗಾದರೆ ರಾತ್ರಿ ಬರುವುದೆಲ್ಲ ನಿಜವಾದ ಹಸಿವೇ? ಎಲ್ಲವೂ ಅಲ್ಲ. ಬಾಯಿ ಚಪಲ ಅಂತ ನಾವು ಕರೆಯುವುದು ಬೇರೆಯೇ. "ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು" ಎಂಬ ಗಾದೆಯೇ ಒಳ್ಳೆಯ ಪರೀಕ್ಷೆ. ಆ ಹೊತ್ತಿನಲ್ಲಿ ಒಂದು ಬೇಯಿಸಿದ ಮೊಟ್ಟೆಯನ್ನೋ ಒಂದು ಬಟ್ಟಲು ಸಪ್ಪೆ ಮೊಸರನ್ನೋ ಯಾರಾದರೂ ಮುಂದಿಟ್ಟರೆ ತಿನ್ನುತ್ತೀರಾ? ತಿನ್ನುವ ಹಾಗಿದ್ದರೆ ಅದು ಹಸಿವು. "ಬೇಡ, ಬಿಸ್ಕತ್ತೇ ಬೇಕು" ಅನ್ನಿಸಿದರೆ ಅದು ಬೇಸರ, ದಣಿವು, ಫೋನು ಹಿಡಿದು ಕೂತಾಗಿನ ಅಭ್ಯಾಸ ಇರಬಹುದು. ಆದರೆ ದಿನವಿಡೀ ಅರೆಹೊಟ್ಟೆಯಲ್ಲಿ ಇದ್ದವರಿಗೆ ಈ ಪರೀಕ್ಷೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಅವರಲ್ಲಿ ಎರಡೂ ಕಲೆತಿರುತ್ತವೆ. ಅದಕ್ಕೇ ಮೊದಲು ಹಗಲಿನ ಊಟ ಸರಿ ಮಾಡಿ, ಆಮೇಲೆ ಚಪಲದ ವಿಚಾರಣೆ.

ಇನ್ನೊಂದು ಮಾತು. ಹೊಟ್ಟೆ ಗುರ್ರ್ ಎಂದ ಕೂಡಲೇ ಹಸಿವು ಎಂದುಕೊಳ್ಳಬೇಕಿಲ್ಲ. ಹೊಟ್ಟೆ ಖಾಲಿ ಇದ್ದಾಗ ಜಠರ ಮತ್ತು ಸಣ್ಣ ಕರುಳು ಒಂದೂವರೆ ಎರಡು ಗಂಟೆಗೊಮ್ಮೆ ತಮ್ಮನ್ನು ತಾವೇ ಗುಡಿಸಿಕೊಳ್ಳುತ್ತವೆ. ಆ ಗುಡಿಸುವ ಸದ್ದು ಅದು. ಹಸಿವು ಕೂಡ ಅಲೆಯ ಹಾಗೆ ಬಂದು ಹೋಗುತ್ತದೆ. ನೀರು ಕುಡಿದರೆ ಒಂದಷ್ಟು ಹೊತ್ತು ಅಲೆ ದಾಟಬಹುದು. ಆದರೆ ನೀರು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಬೇಗ ಕೆಳಗಿಳಿಯುತ್ತದೆ. 700 ಕ್ಯಾಲರಿ ತಿಂದು ದಿನ ಕಳೆದವರಿಗೆ ನೀರು ಕುಡಿದು ಮಲಗು ಎನ್ನುವುದು ಸಲಹೆಯೇ ಅಲ್ಲ.

ಈಗ ಹಗಲಿನ ಕೆಲಸ. ಬೆಳಿಗ್ಗೆ ಮತ್ತು ಮಧ್ಯಾಹ್ನ ಸೇರಿಸಿ ದಿನದ ಆಹಾರದ ಅರ್ಧಕ್ಕಿಂತ ಹೆಚ್ಚು ಮುಗಿದಿರಲಿ. ಪ್ರತಿ ಸಲವೂ ತಟ್ಟೆಯಲ್ಲಿ ಪ್ರೋಟೀನ್ ಇರುವುದು ಒಂದಾದರೂ ಇರಬೇಕು: ಮೊಟ್ಟೆ, ಬೇಳೆಕಾಳು, ಮೊಸರು, ಮೀನು, ಕೋಳಿ, ನಿಮಗೆ ಯಾವುದು ಒಗ್ಗುತ್ತದೋ ಅದು. ಜೊತೆಗೆ ನಾರಿರುವ ತರಕಾರಿ, ಹಣ್ಣು, ಇಡೀ ಧಾನ್ಯ. ಸಲಾಡ್ ಬಿಡಬೇಕಿಲ್ಲ, ಅದಕ್ಕೆ ಒಂದು ಹಿಡಿ ಬೇಯಿಸಿದ ಕಾಳು, ಎರಡು ಮೊಟ್ಟೆ ಸೇರಿಸಿ. ಆಗ ಅದು ಊಟ ಅನ್ನಿಸಿಕೊಳ್ಳುತ್ತದೆ. ಬೆಳಿಗ್ಗೆ ಹಸಿವೇ ಆಗಲ್ಲ ಅಂತೀರಾ? ರಾತ್ರಿ 700 ಕ್ಯಾಲರಿ ತಿಂದು ಮಲಗಿದವರಿಗೆ ಬೆಳಿಗ್ಗೆ ಹೇಗೆ ಹಸಿವಾಗಬೇಕು ಹೇಳಿ. ಮೊದಲ ಮೂರು ನಾಲ್ಕು ದಿನ ಸ್ವಲ್ಪವೇ ತಿನ್ನಿ. ಗ್ರೆಲಿನ್ ರೂಢಿಯನ್ನು ಹಿಂಬಾಲಿಸುತ್ತದೆ. ದಿನಾ 11 ಗಂಟೆಗೆ ತಿಂದರೆ 11ರ ಹೊತ್ತಿಗೆ ತಾನೇ ಸಿದ್ಧವಾಗಿ ನಿಲ್ಲುತ್ತದೆ, 8ಕ್ಕೆ ತಿಂದರೆ 8ಕ್ಕೆ.

ಹೊಟ್ಟೆ ತುಂಬಿಸುವ ವಿಷಯದಲ್ಲಿ ಆಲೂಗಡ್ಡೆಗೆ ಅನ್ಯಾಯ ಆಗಿದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಡಯಟ್ ಅಂದ ಕೂಡಲೇ ಜನ ಮೊದಲು ಬಿಡುವುದು ಅದನ್ನೇ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ 38 ಪದಾರ್ಥಗಳನ್ನು ಒಂದೇ ಅಳತೆಯ ಕ್ಯಾಲರಿಯಲ್ಲಿ ಕೊಟ್ಟು, ಮುಂದಿನ ಎರಡು ಗಂಟೆ ಹೊಟ್ಟೆ ಎಷ್ಟು ತುಂಬಿದಂತಿದೆ ಎಂದು ಕೇಳಿದರು. ಬಿಳಿ ಬ್ರೆಡ್ಡಿಗೆ 100 ಅಂಕ ಎಂದಿಟ್ಟುಕೊಂಡರೆ ಬೇಯಿಸಿದ ಆಲೂಗಡ್ಡೆಗೆ 323. ಮೊದಲ ಸ್ಥಾನ ಅದರದ್ದೇ. ಕ್ರೊಸಾಂಟ್ ಎಂಬ ಬೆಣ್ಣೆ ತುಂಬಿದ ಬೇಕರಿ ತಿನಿಸಿಗೆ 47, ಕೊನೆಯ ಸ್ಥಾನ. ಚಿಪ್ಸ್ ಮಾಡಿದರೆ ಅದೇ ಆಲೂಗಡ್ಡೆಯ ಗುಣ ಬೇರೆ, ಅದು ನಿಮಗೂ ಗೊತ್ತು.

ರಾತ್ರಿ ಊಟಕ್ಕೂ ಮಲಗುವುದಕ್ಕೂ ನಡುವೆ ಎಷ್ಟು ಹೊತ್ತಿದೆ? 7:30ಕ್ಕೆ ಉಂಡು 12ಕ್ಕೆ ಮಲಗುವವರಿಗೆ ನಾಲ್ಕೂವರೆ ಗಂಟೆ ಅಂತರ. ಮಧ್ಯಾಹ್ನದ ಊಟ ಆಗಿ ಅಷ್ಟು ಹೊತ್ತಾದರೆ ನಾವು ಹಸಿವಾಗುವುದು ಸಹಜ ಅಂತೀವಿ ಅಲ್ವಾ? ಒಂದೋ ಬೇಗ ಮಲಗಬೇಕು, ಇಲ್ಲವೇ ಒಂದು ಸಣ್ಣ ತಿಂಡಿಯನ್ನು ದಿನದ ಲೆಕ್ಕದೊಳಗೇ ಸೇರಿಸಿಕೊಳ್ಳಬೇಕು. ನನ್ನ ಒಲವು ಎರಡನೆಯದಕ್ಕೆ. ಯಾಕೆಂದರೆ "ರಾತ್ರಿ ತಿನ್ನಲೇಬಾರದು" ಎಂದು ಶಪಥ ಮಾಡಿದವರು ಒಂದು ಬಿಸ್ಕತ್ತು ತಿಂದ ಕೂಡಲೇ "ಹೇಗೂ ಕೆಟ್ಟಿತು" ಎಂದು ಡಬ್ಬಿ ಮುಗಿಸುತ್ತಾರೆ. ಒಂದು ಬಟ್ಟಲು ಮೊಸರು ಮತ್ತು ಅರ್ಧ ಸೇಬು, ಅಥವಾ ಒಂದು ಲೋಟ ಹಾಲು ಮತ್ತು ಐದಾರು ಬಾದಾಮಿ, ಅಥವಾ ಎರಡು ಮೊಟ್ಟೆ. ಯಾವುದೇ ಆದರೂ 150–200 ಕ್ಯಾಲರಿ ದಾಟುವುದಿಲ್ಲ. ಹಸಿವು ಜೋರಾಗುವವರೆಗೆ ಕಾಯಬೇಡಿ, 9:30ಕ್ಕೇ ತಿನ್ನಿ. ತಟ್ಟೆಗೆ ಹಾಕಿಕೊಂಡು, ಕೂತು, ಫೋನು ಪಕ್ಕಕ್ಕಿಟ್ಟು ತಿನ್ನಿ. ಎದೆಯುರಿ ಇರುವವರು ತಿಂದ ಮೇಲೆ ಎರಡು ಮೂರು ಗಂಟೆ ಬಿಟ್ಟು ಮಲಗಬೇಕು, ಅಷ್ಟು ಗಮನ ಇರಲಿ. ಬಿಸ್ಕತ್ತು ಡಬ್ಬಿಯ ವಿಚಾರಕ್ಕೆ ಉದ್ದ ಭಾಷಣ ಬೇಡ: ಮನೆಯಲ್ಲಿ ಇದ್ದರೆ ತಿನ್ನುತ್ತೀರಿ, ಇಲ್ಲದಿದ್ದರೆ ಇಲ್ಲ.

ರಾತ್ರಿ 8ರ ಮೇಲೆ ತಿಂದದ್ದೆಲ್ಲ ಕೊಬ್ಬಾಗುತ್ತದೆ ಎಂಬ ಮಾತು ಕೇಳಿರುತ್ತೀರಿ. ಅಷ್ಟು ಸರಳವಿಲ್ಲ. ತೂಕವನ್ನು ಮುಖ್ಯವಾಗಿ ತೀರ್ಮಾನಿಸುವುದು ಒಟ್ಟು ಎಷ್ಟು ತಿಂದಿರಿ ಎಂಬುದು. ಹಾಗಂತ ಹೊತ್ತಿಗೆ ಬೆಲೆಯೇ ಇಲ್ಲ ಎಂದೂ ಅಲ್ಲ. 2022ರ ಒಂದು ಅಮೆರಿಕನ್ ಅಧ್ಯಯನದಲ್ಲಿ ತೂಕ ಹೆಚ್ಚಿದ್ದ 16 ಜನರಿಗೆ ಅದೇ ಊಟಗಳನ್ನು ನಾಲ್ಕು ಗಂಟೆ ತಡವಾಗಿ ಕೊಟ್ಟಾಗ ಹಸಿವು ಹೆಚ್ಚಿತು, ದೇಹ ಸುಡುವ ಕ್ಯಾಲರಿ ಸ್ವಲ್ಪ ಕಡಿಮೆಯಾಯಿತು. ಇಡೀ ದಿನದ ಊಟವನ್ನೇ ತಡ ಮಾಡಿದಾಗಿನ ಮಾತು ಇದು. 9:30ರ ಒಂದು ಬಟ್ಟಲು ಮೊಸರಿಗೆ ಇದನ್ನು ಅನ್ವಯಿಸಿ ಹೆದರಬೇಡಿ.

ನಿದ್ದೆಯನ್ನು ಮಾತ್ರ ಹಗುರವಾಗಿ ನೋಡಬೇಡಿ. ದಿನಾ ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ 80 ಜನರನ್ನು ಶಿಕಾಗೋ ವಿಶ್ವವಿದ್ಯಾಲಯದ ತಂಡ ಗಮನಿಸಿತು. ನಿದ್ದೆ ಹೆಚ್ಚಿಸಿಕೊಳ್ಳಿ ಎಂದು ಅವರಲ್ಲಿ ಒಂದು ಗುಂಪಿಗೆ ಸಲಹೆ ಕೊಟ್ಟರು. ಆ ಗುಂಪು ರಾತ್ರಿಗೆ ಸುಮಾರು 1.2 ಗಂಟೆ ಹೆಚ್ಚು ಮಲಗಿತು. ಡಯಟ್ ಮಾಡಿ ಎಂದು ಯಾರೂ ಹೇಳದಿದ್ದರೂ, ಮೊದಲಿನಂತೆಯೇ ಮಲಗುತ್ತಿದ್ದ ಗುಂಪಿಗೆ ಹೋಲಿಸಿದರೆ ದಿನಕ್ಕೆ ಸುಮಾರು 270 ಕ್ಯಾಲರಿ ಕಡಿಮೆ ತಿಂದಿತು. ಇದು 2022ರಲ್ಲಿ ಪ್ರಕಟವಾಯಿತು. ಮಲಗಿದವರು ತಿನ್ನುವುದಿಲ್ಲ ಅಂತ ನಗಬಹುದು. ಅದೂ ಒಂದು ಕಾರಣವೇ ಅನ್ನಿ.

ಕೆಲವರ ವಿಷಯದಲ್ಲಿ ಮೇಲಿನದು ಯಾವುದೂ ಸಾಲದು. ರಾತ್ರಿ ಊಟ ಮುಗಿದ ಮೇಲೆಯೇ ದಿನದ ಕಾಲುಭಾಗ ಅಥವಾ ಹೆಚ್ಚು ತಿನ್ನುವುದು, ವಾರಕ್ಕೆ ಎರಡು ಸಲವಾದರೂ ನಿದ್ದೆಯಿಂದ ಎದ್ದು ತಿನ್ನುವುದು, ತಿನ್ನದೆ ನಿದ್ದೆ ಬರುವುದೇ ಇಲ್ಲ ಅನ್ನಿಸುವುದು, ಸಂಜೆಯಾದರೆ ಮನಸ್ಸು ಕುಗ್ಗುವುದು. ಇವು ತಿಂಗಳುಗಟ್ಟಲೆ ಇದ್ದರೆ ಅದು ರಾತ್ರಿ ತಿನ್ನುವ ಕಾಯಿಲೆ ಇರಬಹುದು. ಮನೋವೈದ್ಯ ಆಲ್ಬರ್ಟ್ ಸ್ಟಂಕಾರ್ಡ್ ಇದನ್ನು 1955ರಲ್ಲೇ ವಿವರಿಸಿದ್ದರು. ಅದಕ್ಕೆ ಚಿಕಿತ್ಸೆ ಇದೆ. ನಿಮ್ಮ ಪ್ರಶ್ನೆಯಲ್ಲಿ ಈ ಲಕ್ಷಣಗಳಲ್ಲಿ ಒಂದೆರಡು ಇವೆ. ಆದರೆ ಹಗಲು ಅಷ್ಟು ಕಡಿಮೆ ತಿನ್ನುವಾಗ ಯಾರಿಗಾದರೂ ಹಾಗಾಗಬಹುದು. ಎರಡು ಮೂರು ವಾರ ಹಗಲು ಸರಿಯಾಗಿ ತಿಂದು ನೋಡಿ, ಆಗಲೂ ಹೀಗೇ ಇದ್ದರೆ ವೈದ್ಯರ ಬಳಿ ಹೋಗಿ. ಸ್ಟೀರಾಯ್ಡ್ ಮಾತ್ರೆ, ಮನೋವೈದ್ಯರು ಕೊಡುವ ಕೆಲವು ಮಾತ್ರೆಗಳಿಂದಲೂ ಹಸಿವು ಹೆಚ್ಚುತ್ತದೆ. ಅದನ್ನೂ ಅವರಿಗೆ ಹೇಳಿ, ನೀವೇ ನಿಲ್ಲಿಸಬೇಡಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರ ವಿಷಯವೇ ಬೇರೆ. ರಾತ್ರಿ ಹಸಿವಿನ ಜೊತೆ ಬೆವರು, ನಡುಕ, ಎದೆ ಡವಡವ ಇದ್ದರೆ ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಅಂಥ ಹೊತ್ತಿನಲ್ಲಿ ಡಯಟ್ ನೆನೆಯಬಾರದು. ಗ್ಲುಕೋಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ಬಂದರೆ ತಕ್ಷಣ 15 ಗ್ರಾಂ ಸಕ್ಕರೆ, ಅಂದರೆ ಸುಮಾರು ಮೂರು ಟೀ ಚಮಚ, ನೀರಿನಲ್ಲಿ ಕಲಸಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರದೆ ಮೊದಲು ಸಕ್ಕರೆ ತೆಗೆದುಕೊಳ್ಳಬೇಕು. ಇಂಥವರು ಊಟ ಕಡಿಮೆ ಮಾಡುವ ಮೊದಲೇ ಮಾತ್ರೆಯ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕು.

ಕೊನೆಗೆ ನೀವು ಕೇಳದೆ ಬಿಟ್ಟ ಪ್ರಶ್ನೆ: ನಿನ್ನೆ ರಾತ್ರಿ ಡಬ್ಬಿ ಮುಗಿಸಿಬಿಟ್ಟೆ, ಇವತ್ತು ಬೆಳಿಗ್ಗೆ ಏನೂ ತಿನ್ನದೆ ಸರಿದೂಗಿಸಲೇ? ಬೇಡ. ಆ ಸರಿದೂಗಿಸುವಿಕೆಯೇ ಇವತ್ತು ರಾತ್ರಿ 11ಕ್ಕೆ ನಿಮ್ಮನ್ನು ಮತ್ತೆ ಎಬ್ಬಿಸುವುದು. ಕಾಫಿ ಕುಡಿಯಿರಿ, ಜೊತೆಗೆ ಎರಡು ಮೊಟ್ಟೆ ಬೇಯಲು ಇಡಿ.